ಮುಖ್ಯ ಸುತ್ತಿನ ಬಾಗಿಲಲ್ಲಿ ಗಡಗಡಿ

ಹೆದರಿಕೆಗೂ ಒಂದು ವಿಶ್ವ ರ‍್ಯಾಂಕಿಂಗ್ ಇದ್ದಿದ್ದರೆ ಗಡಗಡಿಯನ್ನು ಮೊದಲ ಸ್ಥಾನದಿಂದ ಇಳಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಏನು ಮಾಡುವುದು, ರ‍್ಯಾಂಕಿಂಗ್ ಇರುವುದು ಟೆನಿಸ್‌ಗೆ. ಅದರಲ್ಲಿ ಅವಳು ಇನ್ನೂರರ ಆಸುಪಾಸಿನಲ್ಲಿ, ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವಳ ಹಾಗೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು ಹದಿನಾಲ್ಕು ವರ್ಷ ಜೋತಾಡಿದಳು.

ಗಡಗಡಿ ಎಂಬುದು ಜೊತೆಯ ಆಟಗಾರ್ತಿಯರು ಇಟ್ಟ ಹೆಸರು. ಪಂದ್ಯಕ್ಕೆ ಮುಂಚೆ ಅವಳು ನಡುಗುತ್ತಿದ್ದ ವೈಖರಿ ಹಾಗಿತ್ತು. ಒಮ್ಮೆ ಅವಳ ಮಂಡಿಗಳು ಒಂದಕ್ಕೊಂದು ಬಡಿದ ಸದ್ದನ್ನು ಪಕ್ಕದ ಅಂಕಣದವಳು ಚಪ್ಪಾಳೆ ಎಂದುಕೊಂಡು ಜನರತ್ತ ತಿರುಗಿ ಕೈ ಬೀಸಿದಳಂತೆ. ಇದನ್ನು ಹೇಳಿದವಳು ಬಾಯಿಬಡುಕಿ, ಅರ್ಧ ಕಳೆದು ನಂಬಬೇಕು. ಆದರೆ ಪ್ರತಿ ಪಂದ್ಯಕ್ಕೂ ಮುಂಚೆ ಗಡಗಡಿ ವಾಂತಿ ಮಾಡಿಕೊಳ್ಳುತ್ತಿದ್ದದ್ದು ಮಾತ್ರ ಪೂರ್ತಿ ನಿಜ. ಯಾವ ಊರಿಗೆ ಹೋದರೂ ಅಂಕಣ ಯಾವ ದಿಕ್ಕಿಗೆ ಎಂದು ಕೇಳುವ ಮೊದಲು ಬಚ್ಚಲು ಯಾವ ದಿಕ್ಕಿಗೆ ಎಂದು ಕೇಳುತ್ತಿದ್ದಳು. ಮೊದಲ ಚೆಂಡು ಹೊಡೆಯುವವರೆಗೆ ಈ ಪಾಡು. ಹೊಡೆದ ಮೇಲೆ ನಡುಕ ಎಲ್ಲಿ ಹೋಗುತ್ತಿತ್ತೋ, ಅವಳು ಓಡುವುದನ್ನು ನೋಡಿದರೆ ಅವಳ ನೆರಳಿಗೇ ಏದುಸಿರು ಬರುತ್ತಿತ್ತು.

ಈ ಆಟ ಅವಳಿಗೆ ಅಂಟಿದ್ದು ಅಪ್ಪನಿಂದ. ಹಾಗೆಂದರೆ ಅಪ್ಪ ಆಟಗಾರನಲ್ಲ, ಜೀವಮಾನದಲ್ಲಿ ಒಂದು ಸರ್ವ್ ಮಾಡಿದವನಲ್ಲ. ಒಂದು ಹಳೆಯ ಕ್ಲಬ್ಬಿನಲ್ಲಿ ಟೆನಿಸ್ ಅಂಕಣಗಳ ನೆಲ ನೋಡಿಕೊಳ್ಳುವವನು. ಇಟ್ಟಿಗೆಪುಡಿ ಹಾಸಿದ ಕೆಂಪು ನೆಲ ಅದು. ಬೆಳಿಗ್ಗೆ ನೀರು ಚಿಮುಕಿಸಬೇಕು, ಉರುಳೆ ಎಳೆಯಬೇಕು, ಗುಂಡಿ ಬಿದ್ದಲ್ಲಿ ಪುಡಿ ತುಂಬಬೇಕು, ಬಿಳಿ ಗೆರೆಗಳನ್ನು ಗುಡಿಸಿ ಎತ್ತಿ ತೋರಿಸಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆದರೆ ಇವನ ನೆಲದ ಮೇಲೆ ಸೋತವರಿಗೆ ಆ ನೆಪವೂ ಸಿಗುತ್ತಿರಲಿಲ್ಲ. ಅಷ್ಟು ಸಮತಟ್ಟು. ಇರುವೆ ನಡೆದರೂ ಗುರುತು ಹಿಡಿದು, ಯಾವ ಕಡೆಗೆ ಹೋಯಿತು, ಹೊಟ್ಟೆ ತುಂಬಿತ್ತೋ ಇಲ್ಲವೋ ಎಂದು ಹೇಳಬಲ್ಲವನು.

ಅಜ್ಜಿ ಬದುಕಿದ್ದಾಗ ಗೊಣಗುತ್ತಿದ್ದಳು. "ನಮ್ಮ ಮನೆತನದಲ್ಲಿ ಯಾರೂ ಕೋರ್ಟು ಮೆಟ್ಟಿಲು ಹತ್ತಿದವರಲ್ಲಪ್ಪ. ಇವನು ಕೋರ್ಟಲ್ಲೇ ಮನೆ ಮಾಡಿಕೊಂಡ, ಮಗಳನ್ನೂ ಎಳೀತಿದಾನೆ."

ಮಗಳು ಕ್ಲಬ್ಬಿನ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಾ ಬೆಳೆದಳು. ಗೋಡೆ ಬೇಸತ್ತು ಒಂದು ಕಡೆ ವಾಲಿತು ಎನ್ನುತ್ತಾರೆ. ಹತ್ತೊಂಬತ್ತಕ್ಕೆ ವೃತ್ತಿಪರ ಆಟಗಾರ್ತಿಯಾಗಿ, ಎರಡು ಚೀಲ ಹೊತ್ತು ಹೊರಟವಳು ಎಷ್ಟೋ ಊರು ಸುತ್ತಿದಳು. ಆದರೂ ಅವಳಿಗೆ ಗೊತ್ತಿದ್ದದ್ದು ಪ್ರತಿ ಊರಿನ ಮೂರು ಕಡೆ ಮಾತ್ರ: ಬಸ್ ನಿಲ್ದಾಣ, ಹಾಸಿಗೆ ಗಟ್ಟಿಯಿರುವ ಒಂದು ಅಗ್ಗದ ಕೋಣೆ, ಮತ್ತೆ ಅಂಕಣದ ಬಳಿಯ ಆ ಬಚ್ಚಲು.

ಸಣ್ಣ ಟೂರ್ನಿಗಳನ್ನು ಆಗಾಗ ಗೆದ್ದಳು. ದೊಡ್ಡದು ಮಾತ್ರ ಒಲಿಯಲಿಲ್ಲ. ದೊಡ್ಡ ಟೂರ್ನಿಯೆಂದರೆ ಅಲ್ಲಿ ಹೆಸರಾಂತವರು ಆಡುವುದು ಮುಖ್ಯ ಸುತ್ತು. ಗಡಗಡಿಯಂಥವರು ಅದಕ್ಕೆ ಮುಂಚೆ ಅರ್ಹತಾ ಸುತ್ತಿನ ಪಂದ್ಯಗಳನ್ನು ಆಡಿ, ಅಷ್ಟನ್ನೂ ಗೆದ್ದರೆ ಒಳಗೆ ಬರಬಹುದು. ಹೊರಗಿನವರಿಗೆ ತೆಳ್ಳನೆಯ ಟವೆಲು, ಒಳಗಿನವರಿಗೆ ಕಂಬಳಿಯಷ್ಟು ದಪ್ಪನೆಯದು. ಅವಳು ಐದಾರು ಸಲ ಅರ್ಹತಾ ಸುತ್ತಿನ ಕೊನೆಯ ಪಂದ್ಯದವರೆಗೆ ಹೋಗಿ, ಬಾಗಿಲ ಬಳಿಯೇ ಮುಗ್ಗರಿಸಿ, ತೆಳ್ಳನೆಯ ಟವೆಲಿನಲ್ಲೇ ಮುಖ ಒರೆಸಿಕೊಂಡು ಬಂದಿದ್ದಳು. ಮುಖ್ಯ ಸುತ್ತಿನ ಹಲಗೆಯ ಮೇಲೆ ಅವಳ ಹೆಸರು ಒಮ್ಮೆಯೂ ಏರಿರಲಿಲ್ಲ.

ಮೂವತ್ತಮೂರು ತುಂಬಿತು. ಎಡಮಂಡಿ ಮೆಟ್ಟಿಲು ಹತ್ತುವಾಗ ಹಳೆಯ ಬಾಗಿಲಿನಂತೆ ಕಿರುಗುಟ್ಟತೊಡಗಿತು. ಆ ಸಮಯಕ್ಕೆ ಕ್ಲಬ್ಬಿನ ಕಾರ್ಯದರ್ಶಿ, ಮಕ್ಕಳಿಗೆ ಆಟ ಕಲಿಸುವ ಜಾಗ ಖಾಲಿಯಿದೆ, ಬರುತ್ತೀಯಾ ಎಂದು ಕೇಳಿದ. ಅಮ್ಮ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಮಗಳು ಇದನ್ನು ಹೇಳಿದ ಕೂಡಲೇ ಯಂತ್ರ ನಿಂತಿತು.

"ಏನಂದೆ ಅವನಿಗೆ?"

"ನೋಡೋಣ ಅಂದೆ."

"ಏನು ನೋಡೋದು? ನೋಡೀ ನೋಡೀ ನನ್ನ ಕಣ್ಣು ಹೋಯ್ತು, ನಿನ್ನ ಮಂಡಿ ಹೋಯ್ತು. ನಿಮ್ಮಪ್ಪನ ಕೂದಲು ಹೋಯ್ತು, ಅದೊಂದಕ್ಕೆ ನಿನ್ನ ಕಾರಣ ಅನ್ನಲ್ಲ ಬಿಡು."

"ಅಮ್ಮಾ, ಇನ್ನೊಂದೇ ಒಂದು ಟೂರ್ನಿ. ಮುಖ್ಯ ಸುತ್ತಿಗೆ ಹೋದ್ರೆ ಇನ್ನೊಂದು ವರ್ಷ ಆಡ್ತೀನಿ, ನೀನು ತುಟಿ ಪಿಟಕ್ಕೆನ್ನಬಾರದು. ಹೋಗ್ಲಿಲ್ಲ ಅಂದ್ರೆ ಬಂದ ಮಾರನೇ ದಿನವೇ ಕ್ಲಬ್ಬಿಗೆ ಸೇರ್ತೀನಿ, ನಾನು ತುಟಿ ಪಿಟಕ್ಕೆನ್ನಲ್ಲ."

"ಆಣೆ?"

"ನಿನ್ನಾಣೆ."

"ನನ್ನ ಮೇಲೆ ಯಾಕೆ ಹಾಕ್ತೀಯ? ನಾಳೆ ನನಗೇನಾದ್ರೂ ಆದ್ರೆ? ಆ ಯಂತ್ರದ ಮೇಲೆ ಹಾಕು."

ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ಆಣೆಯಾಯಿತು. ಅಮ್ಮ ಮಗಳ ಪಂದ್ಯ ಎಂದೂ ನೋಡಿದವಳಲ್ಲ, ನೋಡಿದರೆ ಎದೆ ಒಡೆಯುತ್ತದೆ ಎಂಬ ಭಯ. ಅಪ್ಪ ರಜೆ ಹಾಕಿ ಜೊತೆಗೆ ಹೊರಟ.

ಟೂರ್ನಿ ನಡೆದದ್ದು ಕೆಂಪು ನೆಲದ ಅಂಕಣಗಳಲ್ಲಿ. ಅಪ್ಪ ಮೊದಲ ದಿನವೇ ಬಗ್ಗಿ, ಚಿಟಿಕೆ ಪುಡಿ ತೆಗೆದು, ಬೆರಳಲ್ಲಿ ಉಜ್ಜಿ, "ನೀರು ಸಾಲದು" ಎಂದು ತೀರ್ಪು ಕೊಟ್ಟ. ಮಗಳು ಬಚ್ಚಲಿಗೆ ಓಡಿದಳು. ಮೊದಲ ಪಂದ್ಯ ಗೆದ್ದಳು. ಕೊನೆಯ ಪಂದ್ಯದಲ್ಲಿ ಒಂದು ಸೆಟ್ ಅವಳಿಗೆ, ಒಂದು ಸೆಟ್ ಎದುರಾಳಿಗೆ. ಮೂರನೇ ಸೆಟ್‌ನಲ್ಲಿ ಐದು ನಾಲ್ಕು, ಗಡಗಡಿಯದೇ ಸರ್ವ್, ನಲವತ್ತು ಮೂವತ್ತು. ಇನ್ನೊಂದು ಪಾಯಿಂಟ್ ಬಂದರೆ ಅವಳು ಒಳಗೆ.

ಅಪ್ಪ ಉಸಿರು ಬಿಗಿಹಿಡಿದ. ಪಕ್ಕದಲ್ಲಿ ಕೂತವರು ಆತನ ಮುಖ ನೋಡಿ ವೈದ್ಯರನ್ನು ಕರೆಯಬೇಕೇ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಚೆಂಡು ಆ ಕಡೆ ಈ ಕಡೆ ಹತ್ತಾರು ಸಲ ಹೋಗಿ ಬಂತು. ಕೊನೆಗೆ ಎದುರಾಳಿ ಶಕ್ತಿಯೆಲ್ಲ ಹಾಕಿ ಹೊಡೆದ ಒಂದು ಚೆಂಡು ಗಡಗಡಿಯ ಕಾಲ ಬಳಿ, ಹಿಂದಿನ ಗೆರೆಯಿಂದ ಎರಡು ಬೆರಳು ಆಚೆ ಬಿತ್ತು. ಅವಳು ಕಣ್ಣಾರೆ ಕಂಡಳು. ಕೆಂಪು ಪುಡಿಯ ಮೇಲೆ ಚೆಂಡಿನ ಗುರುತು, ಗೆರೆಗೂ ಅದಕ್ಕೂ ನಡುವೆ ಸ್ಪಷ್ಟ ಜಾಗ. ಆದರೆ ಗೆರೆ ನೋಡುವವನು ಔಟ್ ಎನ್ನಲು ಬಾಯಿ ಬಿಡಲಿಲ್ಲ. ಹೀಗಾದಾಗ ಆಟಗಾರ್ತಿ ಆಟ ನಿಲ್ಲಿಸಿ ಕೈಯೆತ್ತಬೇಕು, ಎತ್ತರದ ಕುರ್ಚಿಯಿಂದ ಅಂಪೈರ್ ಇಳಿದು ಬಂದು ಗುರುತು ನೋಡಿ ತೀರ್ಮಾನ ಹೇಳುತ್ತಾಳೆ. ಕೆಂಪು ನೆಲದ ಸೌಲಭ್ಯವೇ ಅದು, ನೆಲ ಸಾಕ್ಷಿ ಹೇಳುತ್ತದೆ.

ಗಡಗಡಿ ನಿಂತಳು. ಬಲಗೈ ಎತ್ತಿದಳು. ಎಡಗೈಯಿಂದ ಗುರುತು ತೋರಿಸಿದಳು. ಅಂಪೈರ್ ಇಳಿಯತೊಡಗಿದಳು. ಅಷ್ಟರಲ್ಲಿ, ಮೇಲಿನ ಮೈಯೆಲ್ಲ ನ್ಯಾಯ ಕೇಳುತ್ತಿರುವಾಗ, ಕೆಳಗೆ ಅವಳ ಬಲಗಾಲು ತನ್ನ ಪಾಡಿಗೆ ಮುಂದೆ ಬಂದು, ಶೂವಿನ ಅಡಿಯಿಂದ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ನಯವಾಗಿ ಸವರಿ ಗುರುತನ್ನು ಅಳಿಸಿಬಿಟ್ಟಿತು.

ನೆಲದ ಮೇಲೆ ಕಲೆ ಕಂಡರೆ ಅಳಿಸದೆ ಬಿಡಬಾರದು. ನಡೆಯಲು ಕಲಿತ ದಿನದಿಂದ ಅಪ್ಪ ಹೇಳಿಕೊಟ್ಟ ಪಾಠ ಅದು. ಅವಳು ಕ್ಲಬ್ಬಿನ ಅಂಕಣದಲ್ಲಿ ಆಡುವಾಗ ಪಾಯಿಂಟ್ ಮುಗಿದ ಕೂಡಲೇ ಕಾಲಲ್ಲಿ ನೆಲ ಸವರುತ್ತಿದ್ದಳು, ಅಪ್ಪನಿಗೆ ಒಂದು ಕೆಲಸ ಕಡಿಮೆ. ಅಕ್ಷರ ಮರೆತಾಳು, ತನ್ನ ಹೆಸರು ಮರೆತಾಳು, ಆ ಕಾಲು ಮರೆಯದು. ಮೇಲೆ ಕೂತಿದ್ದ ಅಪ್ಪನಿಗೆ ಮಗಳ ಕಾಲು ಅಲುಗಿದ್ದು ಕಂಡಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

ಅಂಪೈರ್ ಬಂದು ನೋಡಿದಳು. ನೆಲ ಕನ್ನಡಿಯಷ್ಟು ನುಣುಪು.

"ಗುರುತು ಎಲ್ಲಿ?"

"ಇಲ್ಲೇ ಇತ್ತು."

"ಅಳಿಸಿದ್ದು ಯಾರು?"

ಗಡಗಡಿ ತನ್ನ ಕಾಲನ್ನೇ ನೋಡಿದಳು, ಪಕ್ಕದ ಮನೆಯವರ ಕಾಲನ್ನು ನೋಡುವಂತೆ. ನಿಯಮ ಒಂದೇ. ಗುರುತು ಅಳಿಸಿದವಳು ಚೆಂಡು ಒಳಗೆ ಬಿತ್ತು ಎಂದು ಒಪ್ಪಿಕೊಂಡಂತೆ. ಪಾಯಿಂಟ್ ಎದುರಾಳಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಕೈ ಸೋತಿತು, ಸರ್ವ್ ಸೋತಿತು, ಏಳು ಐದಕ್ಕೆ ಪಂದ್ಯವೂ ಸೋತಿತು.

ಇಲ್ಲಿಗೆ ಮುಗಿದಿದ್ದರೆ ಅತ್ತು ಮನೆಗೆ ಹೋಗಬಹುದಿತ್ತು. ಆದರೆ ಟೆನಿಸ್‌ನವರು ಸೋತವರನ್ನೂ ಸುಮ್ಮನೆ ಬಿಡುವುದಿಲ್ಲ. ಮುಖ್ಯ ಸುತ್ತಿನಲ್ಲಿ ಯಾರಾದರೂ ಹುಷಾರು ತಪ್ಪಿ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ, ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತವರೊಳಗೆ ರ‍್ಯಾಂಕಿಂಗ್ ಮೇಲಿರುವವಳನ್ನು ಒಳಗೆ ಕರೆಯುತ್ತಾರೆ. ಅವಳಿಗೆ ಲಕ್ಕಿ ಲೂಸರ್ ಎಂದು ಹೆಸರು. ಸಾಲಿನಲ್ಲಿ ಮೊದಲು ನಿಂತವಳು ಗಡಗಡಿ. ನಿಯಮವೇನೆಂದರೆ, ಮೊದಲ ಸುತ್ತಿನ ಪಂದ್ಯಗಳೆಲ್ಲ ಶುರುವಾಗುವವರೆಗೆ ಅವಳು ಬಟ್ಟೆ ತೊಟ್ಟು, ಶೂ ಬಿಗಿದು, ಅಲ್ಲೇ ಇರಬೇಕು. ಕರೆದ ತಕ್ಷಣ ಅಂಕಣಕ್ಕೆ ಬರಬೇಕು. ಪಂದ್ಯದ ಮೊದಲ ಪಾಯಿಂಟ್ ಆಡಿದ ಮೇಲೆ ಯಾರು ಬಿದ್ದರೂ ಪ್ರಯೋಜನವಿಲ್ಲ.

ಎರಡು ದಿನ ಅವಳು ಆಟಗಾರ್ತಿಯರ ಕೋಣೆಗಳ ನಡುವಿನ ಓಣಿಯಲ್ಲಿ ಬೆಂಚಿನ ಮೇಲೆ ಕಾದಳು. ಊಟ ಇಳಿಯಲಿಲ್ಲ. ಯಾರಾದರೂ ಕುಂಟಿದರೆ ಎದೆ ಧಸಕ್ಕೆನ್ನುವುದು, ಕುಂಟದಿದ್ದರೂ ಧಸಕ್ಕೆನ್ನುವುದು. ಒಬ್ಬಳು ಸೀನಿದಾಗ ಎದ್ದು ನಿಂತುಬಿಟ್ಟಳು. ಆಮೇಲೆ ತನಗೇ ಅಸಹ್ಯವಾಗಿ ಕೂತಳು. ರೆಫರಿ ಆ ಕಡೆ ಹಾದಾಗಲೆಲ್ಲ ಆತನ ಮುಖವನ್ನು ಎಷ್ಟು ದಿಟ್ಟಿಸಿದಳೆಂದರೆ, ಆ ಮಹಾರಾಯ ಎರಡನೇ ದಿನ ಗಡ್ಡ ಬೋಳಿಸಿಕೊಂಡು ಬಂದ.

ಅಪ್ಪ ಪಕ್ಕದಲ್ಲೇ ಮುದುಡಿ ಕೂತಿದ್ದ. "ನಾನೇ ಕಣಮ್ಮ ಕಲಿಸಿದ್ದು. ನನ್ನ ಕೈಯಾರೆ..."

"ಅಪ್ಪಾ, ಸುಮ್ನಿರು. ಎಷ್ಟು ಸಲ ಹೇಳ್ತೀಯ."

"ಆ ಕಾಲು ಸವರೋದೇ ಬೇಡ ಅಂದಿದ್ರೆ..."

"ಅಂದಿದ್ರೆ ನಿನ್ನ ಕೋರ್ಟು ಹೊಲ ಆಗಿರೋದು. ಸುಮ್ನಿರಪ್ಪ."

ಅಮ್ಮನ ಫೋನು ಗಂಟೆಗೊಮ್ಮೆ ಬರುತ್ತಿತ್ತು. "ಯಾರಿಗೂ ಏನೂ ಆಗ್ಲಿಲ್ವಾ ಇನ್ನೂ?" ಎಂದು ಕೇಳಿ, ಮರುಕ್ಷಣ, "ಥೂ, ನನ್ನ ಬಾಯಿಗಿಷ್ಟು! ಎಲ್ಲಾರೂ ಚೆನ್ನಾಗಿರ್ಲಿ. ಸ್ವಲ್ಪ ನೆಗಡಿ ಬಂದ್ರೆ ಸಾಕು, ಅಷ್ಟೆ" ಎಂದು ತಿದ್ದಿಕೊಂಡಳು.

ಯಾರಿಗೂ ನೆಗಡಿಯೂ ಬರಲಿಲ್ಲ. ಆ ವರ್ಷ ಟೆನಿಸ್ ಆಡುವ ಹೆಂಗಸರ ಆರೋಗ್ಯ ಕಂಡು ಔಷಧದಂಗಡಿಯವರು ಬಾಗಿಲು ಹಾಕುವ ಯೋಚನೆಯಲ್ಲಿದ್ದರು. ಒಂದೊಂದೇ ಪಂದ್ಯ ಶುರುವಾಗಿ, ಎರಡನೇ ದಿನ ಮಧ್ಯಾಹ್ನಕ್ಕೆ ಒಂದೇ ಉಳಿಯಿತು. ನಡುವಿನ ದೊಡ್ಡ ಅಂಕಣದಲ್ಲಿ ಎರಡನೇ ಶ್ರೇಯಾಂಕದವಳ ಎದುರು, ಇದೇ ಮೊದಲ ಸಲ ಮುಖ್ಯ ಸುತ್ತು ಆಡುತ್ತಿದ್ದ ಉದ್ದ ಜಡೆಯ ಹುಡುಗಿ.

ಪಂದ್ಯಕ್ಕೆ ಸ್ವಲ್ಪ ಮುಂಚೆ ಓಣಿಯಲ್ಲಿ ಓಡಾಟ ಶುರುವಾಯಿತು. ವೈದ್ಯೆ ಬಚ್ಚಲಿಗೆ ಹೋಗಿ ಬಂದಳು. ರೆಫರಿ ಬಾಗಿಲ ಹೊರಗೆ ನಿಂತು ಗಡಿಯಾರ ನೋಡಿದ. ಆಮೇಲೆ ಗಡಗಡಿಯನ್ನು ನೋಡಿದ. "ಜಡೆ ಹುಡುಗಿಗೆ ವಾಂತಿ. ತಿಂದದ್ದು ಆಗಿಬಂದಿಲ್ಲವೋ ಏನೋ ಅಂತಾರೆ ಡಾಕ್ಟರು. ನೀನು ರೆಡಿ ಇರಮ್ಮ."

ರೆಡಿ! ಹದಿನಾಲ್ಕು ವರ್ಷದಿಂದ ಮತ್ತೇನು ಮಾಡಿದ್ದಳು? ಅಪ್ಪ ಅವಳ ಮೊಣಕೈ ಹಿಡಿದ. ಅಭ್ಯಾಸಬಲ. ಬಚ್ಚಲಿಗೆ ನುಗ್ಗಿದಳು.

ಒಳಗೆ ಜಡೆ ಹುಡುಗಿ ಕೈತೊಳೆಯುವ ತೊಟ್ಟಿಯ ಮೇಲೆ ಬಗ್ಗಿದ್ದಳು. ಗಡಗಡಿ ಪಕ್ಕದ ತೊಟ್ಟಿ ಹಿಡಿದಳು. ಇಬ್ಬರದೂ ಆಯಿತು. ನಲ್ಲಿ ತಿರುಗಿಸಿ ಇಬ್ಬರೂ ಬಾಯಿ ಮುಕ್ಕಳಿಸಿದರು. ಹುಡುಗಿಯ ತುಟಿ ಬೆಳ್ಳಗಾಗಿತ್ತು, ಮಂಡಿಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಅಕ್ಕಾ, ನಿಮಗೂ ಊಟ ಆಗಿಬರ್ಲಿಲ್ವಾ?"

"ನಾನು ಊಟಾನೇ ಮಾಡಿಲ್ಲ."

"ನಾನೂ ಮಾಡಿಲ್ಲ."

ಗಡಗಡಿ ಕನ್ನಡಿಯಲ್ಲಿ ಅವಳನ್ನು ನೋಡಿದಳು. ಊಟ ಮಾಡದವಳಿಗೆ ಊಟ ಆಗಿಬಾರದಿರುವುದು ಹೇಗೆ? ಹೊಟ್ಟೆ ಕೆಟ್ಟವಳ ಮಂಡಿ ಹೀಗೆ ಬಡಿದುಕೊಳ್ಳುವುದಿಲ್ಲ. ಈ ಕಾಯಿಲೆ ಅವಳಿಗೆ ತನ್ನ ಮನೆಯ ಅಡುಗೆಕೋಣೆಯಷ್ಟು ಪರಿಚಿತ.

"ಡಾಕ್ಟರು ಬೇಕಾದ್ರೆ ಬಿಡು ಅಂದ್ರು," ಎಂದಳು ಹುಡುಗಿ. "ನೀವು ಹೇಳಿ ಅಕ್ಕಾ. ಆಡ್ಲಾ, ಬಿಡ್ಲಾ?"

"ನನ್ನನ್ನ ಕೇಳಬೇಡ."

"ಯಾಕೆ?"

"ನೀನು ಬಿಟ್ರೆ ಆಡೋಳು ನಾನೇ."

ಹುಡುಗಿ ಜಡೆ ಹಿಂದಕ್ಕೆ ಎಸೆದಳು. "ಹಾಗಾದ್ರೆ ನಿಮ್ಮನ್ನೇ ಕೇಳ್ಬೇಕು. ಉಳಿದವರೆಲ್ಲ ನನ್ನ ಮನಸ್ಸಿಗೆ ಹಿತವಾಗೋ ಹಾಗೆ ಹೇಳ್ತಾರೆ."

ಹೊರಗೆ ರೆಫರಿ ಬಾಗಿಲು ತಟ್ಟಿದ. "ಏನಮ್ಮಾ, ಏನು ತೀರ್ಮಾನ?"

ಗಡಗಡಿ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಹುಷಾರಿಲ್ಲದಿದ್ದರೆ ಬಿಡಮ್ಮ, ಆರೋಗ್ಯ ಮುಖ್ಯ ಎಂದರೆ ಸಾಕು. ಸುಳ್ಳೂ ಅಲ್ಲ, ಯಾವ ತಾಯಿಯಾದರೂ ಹೇಳುವ ಮಾತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮೌನವಾಗಿದ್ದರೂ ಸಾಕಿತ್ತು. ಹುಡುಗಿ ಬಾಗಿಲ ಕಡೆ ತಿರುಗಿಯೂ ಆಗಿತ್ತು.

"ಏ, ನಿಲ್ಲು," ಎಂದಳು ಗಡಗಡಿ. ಸಿಟ್ಟಿನಿಂದಲೇ ಎಂದಳು, ಯಾರ ಮೇಲೋ ಗೊತ್ತಿಲ್ಲ. "ನಿನಗೆ ಏನೂ ಆಗಿಲ್ಲ. ಇದು ಹೆದರಿಕೆ ಕಣೇ."

"ಇಷ್ಟೊಂದಾ?"

"ಇದೇನು ಇಷ್ಟೊಂದು? ನಿಂದು ಇನ್ನೂ ಮರಿ. ನನ್ನದನ್ನ ನೊಗಕ್ಕೆ ಕಟ್ಟಿದ್ರೆ ಗಾಡಿ ಎಳೆಯುತ್ತೆ."

ಹುಡುಗಿಗೆ ನಗು ಬಂದು, ನಗುವಿನ ಜೊತೆ ಬಿಕ್ಕಳಿಕೆಯೂ ಬಂತು. "ಆಡಿದ್ರೆ ಹೋಗುತ್ತಾ?"

"ಮೊದಲ ಚೆಂಡು ಹೊಡೆದ ಮೇಲೆ ಹೋಗುತ್ತೆ."

"ಹೋಗ್ಲಿಲ್ಲ ಅಂದ್ರೆ?"

"ಹೋಗ್ಲಿಲ್ಲ ಅಂದ್ರೆ ಅದನ್ನೂ ಕರ್ಕೊಂಡು ಆಡು. ಈಗ ಹೋಗು ಮಾರಾಯ್ತಿ, ನಾನು ಮನಸ್ಸು ಬದಲಾಯಿಸೋಕೆ ಮುಂಚೆ ಹೋಗು!"

ಹುಡುಗಿ ಹೋದಳು. ರೆಫರಿಯ ಹೆಜ್ಜೆಗಳೂ ಅವಳ ಹಿಂದೆ ಹೋದವು. ಗಡಗಡಿ ಮತ್ತೊಮ್ಮೆ ತೊಟ್ಟಿಯ ಮೇಲೆ ಬಗ್ಗಿದಳು. ಈ ಸಲ ಏನೂ ಬರಲಿಲ್ಲ.

ಹೊರಗೆ ಅಪ್ಪ ಕಾಯುತ್ತಿದ್ದ. ಹುಡುಗಿ ರ‍್ಯಾಕೆಟ್ ಚೀಲ ಹೊತ್ತು ಹೋದದ್ದನ್ನು ನೋಡಿದ್ದ. ಮಗಳು ನಡೆದದ್ದನ್ನು ಹೇಳಿದಳು.

"ಅಮ್ಮನಿಗೆ ಇದನ್ನ ಹೇಳಬೇಡ," ಎಂದ ಅಪ್ಪ. "ಹೊಲಿಗೆ ಯಂತ್ರ ಎತ್ತಿ ಹೊಡೀತಾಳೆ."

"ನಿನಗೂ ಸಿಟ್ಟು ಬಂತಾ?"

"ಬಂತು," ಎಂದ ಅಪ್ಪ. "ಬಾ, ಮೇಲೆ ಹೋಗಿ ಕೂರೋಣ. ಇನ್ನೂ ಮೊದಲ ಪಾಯಿಂಟ್ ಆಗಿಲ್ಲ."

ಹೌದು, ಇನ್ನೂ ಆಗಿರಲಿಲ್ಲ. ಇಬ್ಬರೂ ಮೆಟ್ಟಿಲು ಹತ್ತಿ ಮೇಲಿನ ಸಾಲಿನಲ್ಲಿ ಕೂತರು. ಒಳ್ಳೆಯ ಕೆಲಸ ಮಾಡಿದ ಸಮಾಧಾನ ಗಡಗಡಿಯ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಕೆಳಗೆ ಹುಡುಗಿ ಕೈಕಾಲು ಸಡಿಲಿಸಲು ಚೆಂಡು ಹೊಡೆಯುತ್ತಿದ್ದಳು, ಅರ್ಧ ನೆಟ್‌ಗೆ, ಅರ್ಧ ಜನರ ಮಡಿಲಿಗೆ. ಒಮ್ಮೆ ನಿಂತು ಹೊಟ್ಟೆ ಹಿಡಿದುಕೊಂಡಳು. ಗಡಗಡಿಯ ಬೆನ್ನು ನೆಟ್ಟಗಾಯಿತು. ಬಿಡು, ಈಗಲಾದರೂ ಬಿಡು ಎಂದು ಅವಳ ಒಳಗೆ ಒಂದು ದನಿ ಬೇಡಿಕೊಂಡಿತು. ಬಿಡಬೇಡ ಎಂದು ಇನ್ನೊಂದು ದನಿ ಅದರ ಕುತ್ತಿಗೆ ಹಿಡಿಯಿತು.

ಅಂಪೈರ್ ಆಟ ಶುರು ಎಂದಳು. ಸರ್ವ್ ಎರಡನೇ ಶ್ರೇಯಾಂಕದವಳದು. ಗುಂಡಿನಂತೆ ಬಂದ ಚೆಂಡನ್ನು ಹುಡುಗಿ ಮುಟ್ಟಲೂ ಆಗಲಿಲ್ಲ. ಹದಿನೈದು ಸೊನ್ನೆ.

"ಮುಗೀತಾ?" ಎಂದು ಕೇಳಿದ ಅಪ್ಪ.

"ಮುಗೀತು."

ಅಪ್ಪ ಕೈ ಚಾಚಿ ಅವಳ ಬೆನ್ನು ಸವರಿದ. ಅವಳು ಮುಂದಿನ ಪಾಯಿಂಟನ್ನೂ ನೋಡಿದಳು. ಆಮೇಲೆ, "ಕಾರ್ಯದರ್ಶಿಗೆ ಫೋನ್ ಮಾಡಿ ಹೇಳ್ತೀನಿ. ನಾಳೆ ನಿನ್ನ ಜೊತೆ ಬರ್ತೀನಿ," ಎಂದಳು.

"ಬೆಳಿಗ್ಗೆ ಬೇಗ ಏಳ್ಬೇಕು. ನೀರು ಚಿಮುಕಿಸೋ ಹೊತ್ತಿಗೆ ಮಕ್ಕಳು ಬಂದುಬಿಡ್ತಾರೆ."

"ಏಳ್ತೀನಿ."

ಅಪ್ಪ ಎದ್ದು ಚೀಲ ಹೆಗಲಿಗೇರಿಸಿದ. ಈಗ ಹೊರಟರೆ ಐದರ ಬಸ್ಸು ಸಿಗುತ್ತಿತ್ತು. ಕೆಳಗೆ ಮೊದಲ ಗೇಮ್ ಮುಗಿದು, ಚೆಂಡು ಹುಡುಗಿಯ ಕೈಗೆ ಬಂದಿತ್ತು. ಅವಳು ಗೆರೆಯ ಹಿಂದೆ ನಿಂತು ಚೆಂಡನ್ನು ಪುಟಿಸಿದಳು, ಹಿಡಿದಳು, ಮತ್ತೆ ಪುಟಿಸಿದಳು. ಅವಳ ಮಂಡಿ ನಡುಗುತ್ತಿರುವುದು ಮೇಲಿನ ಸಾಲಿಗೂ ಕಾಣುತ್ತಿತ್ತು. ಗಡಗಡಿಯ ಅಂಗೈ ಬೆವರಿತು, ಎದೆ ಢವಢವ ಎಂದಿತು.

"ಬಾರಮ್ಮ, ಬಸ್ಸು ಹೋಗುತ್ತೆ."

"ಹೋಗ್ಲಿ, ಇನ್ನೊಂದು ಬರುತ್ತೆ," ಎಂದಳು ಅವಳು ಕಣ್ಣು ಕೀಳದೆ. "ಕೂತ್ಕೊ ಅಪ್ಪಾ. ಈ ಹುಡುಗಿ ಸರ್ವ್ ಮಾಡ್ಲಿ."